ಗುನ್ನೋರಾಳ ಎಣಿಕೆ

ಬ್ರೇಕನ್‌ಹೋಪ್ ಗುಡ್ಡದ ಮೇಲಿನ ಕನ್ಯಾಮಠದ ಛಾವಣಿ ಕುಸಿದು ಎಷ್ಟೋ ತಲೆಮಾರು ಕಳೆಯಿತು. ಗುಡಿಯ ಒಳಗೆ ಈಗ ಕುರಿ ಮೇಯುತ್ತವೆ. ಊಟದ ಚಾವಡಿಯ ಕಲ್ಲುಗಳು ಕೆಳಗಿನ ಊರಿನ ಅರ್ಧ ಮನೆಗಳ ಗೋಡೆಯಲ್ಲಿ ಸೇರಿಹೋಗಿವೆ. ಗಂಟೆಯ ಗೋಪುರವೊಂದು ಮಾತ್ರ ನೆಟ್ಟಗೆ ನಿಂತಿದೆ. ಅದರ ಬುಡದ ಕೋಣೆಗೆ ಹೋದರೆ ಎದೆಮಟ್ಟದಲ್ಲಿ ಒಂದು ಕಲ್ಲು ಚಿಪ್ಪು ಎದ್ದಿರುವುದು ಕೈಗೆ ತಾಗುತ್ತದೆ. ಊರಿನವರು ಆ ಕುಳಿಯಲ್ಲಿ ಬೆರಳಿಟ್ಟು, ಆಮೇಲೆ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡು ಬರುತ್ತಾರೆ. ಆ ಕುಳಿ ಗುನ್ನೋರಾಳ ಕೈಯಿಂದ ಆದದ್ದು.

ಗುನ್ನೋರಾ ಊರಿನ ಕಮ್ಮಾರ ಆಡ್ಕಿನ್‌ನ ತಂಗಿ. ಹದಿನೇಳಕ್ಕೆ ಮಠ ಸೇರಿದವಳು. ಓದು ಬಾರದು, ಹಾಡು ಬಾರದು. ಅಣ್ಣನ ಹಾಗೆಯೇ ಅಗಲ ಹೆಗಲು, ದಪ್ಪ ಬೆರಳು. ಮಠದ ದೊಡ್ಡಮ್ಮ ಇಡೋನಿಯಾ ಅವಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಗಂಟೆಯ ಹಗ್ಗ ಕೈಗೆ ಕೊಟ್ಟಳು. ಇಪ್ಪತ್ತೆರಡು ವರ್ಷ ಅದೇ ಹಗ್ಗ.

ಕೆಳಗಿನ ಊರು ಬದುಕುತ್ತಿದ್ದುದು ಆ ಗಂಟೆಯ ಮೇಲೆ. ಬೆಳಗ್ಗೆ ಏಳುವುದು, ಒಲೆ ಹಚ್ಚುವುದು, ಪೂಜೆಗೆ ಬರುವುದು ಎಲ್ಲಕ್ಕೂ ಒಂದೊಂದು ಬಗೆಯ ಬಡಿತ. ಎಡೆಬಿಡದೆ ಬಡಿದರೆ ದಾಳಿ ಬಂತೆಂದು ಅರ್ಥ. ದನಕರು ಹೊಡೆದುಕೊಂಡು ಊರಿನ ಕಲ್ಲುಕೊತ್ತಲದೊಳಗೆ ಸೇರಿ ಅಗುಳಿ ಹಾಕಬೇಕು. ಯಾರಾದರೂ ಸತ್ತರೆ ಅದರ ಲೆಕ್ಕ ಬೇರೆ. ಗಂಡಸಿಗೆ ಒಂಬತ್ತು ಏಟು, ಹೆಂಗಸಿಗೆ ಆರು, ಮಗುವಿಗೆ ಮೂರು. ತುಸು ಬಿಟ್ಟು, ಸತ್ತವರು ಬದುಕಿದ ವರ್ಷಕ್ಕೊಂದು ಏಟು, ನಿಧಾನವಾಗಿ. ಊರಿನವರು ಇದ್ದಲ್ಲೇ ಕೆಲಸ ನಿಲ್ಲಿಸಿ ಬಾಯಲ್ಲಿ ಎಣಿಸುವರು. ಎಣಿಸಿ ಮುಗಿಯುವ ಹೊತ್ತಿಗೆ ಸತ್ತವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆದರೆ ಗುನ್ನೋರಾಗೆ ಎಣಿಕೆ ಕೂಡಿ ಬರುತ್ತಿರಲಿಲ್ಲ. ಇಪ್ಪತ್ತು ದಾಟಿದರೆ ಮನಸ್ಸು ಸತ್ತವರ ಕಡೆಗೆ ಹೋಗಿಬಿಡುತ್ತಿತ್ತು. ಹಿಟ್ಟಿನ ಗಿರಣಿಯವನ ಹೆಂಡತಿ ನಲವತ್ತಕ್ಕೆ ತೀರಿಕೊಂಡಾಗ ಇವಳು ನಲವತ್ತೇಳು ಬಡಿದಿದ್ದಳು. ಸತ್ತವಳ ತಂಗಿ ಹೆಣದ ಪಕ್ಕ ಕೂತೇ, "ಬದುಕಿರೋ ತನಕ ಮೂವತ್ತೆಂಟು ಅಂತಿದ್ಲು ಪಾಪ, ಗುನ್ನೋರಾ ಬಂದು ನಿಜ ಒದರಿಬಿಟ್ಲು" ಎಂದಳಂತೆ. ಸಾವಿನ ಮನೆ ನಕ್ಕಿತು. ಅಲ್ಲಿಂದ ಮುಂದೆ ಗಂಟೆ ಒಂದೆರಡು ಹೆಚ್ಚು ಬಡಿದರೆ ಊರಿನಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. ಗುನ್ನೋರಾ ಹೆಚ್ಚಿಗೆ ಬಡಿಸುತ್ತಾಳೆ, ಅಡುಗೆಯವಳು ಒಂದು ಸೌಟು ಹೆಚ್ಚಿಗೆ ಬಡಿಸಿದ ಹಾಗೆ, ಎಂದು ಸುಮ್ಮನಾಗುತ್ತಿದ್ದರು.

ಆ ವರ್ಷ ಸಂತ ಮಾರ್ಟಿನನ ಹಬ್ಬದ ವಾರ. ಚಳಿಗಾಲಕ್ಕೆಂದು ಊರಿನಲ್ಲಿ ದನ ಕಡಿದು ಉಪ್ಪು ಹಾಕುವ ಕೆಲಸ ನಡೆದಿತ್ತು. ಬೆಳಕು ಹರಿದು ತುಸು ಹೊತ್ತಾಗಿತ್ತು. ಮಠದ ಹೆಬ್ಬಾಗಿಲನ್ನು ಯಾರೋ ತಟ್ಟಿದರು. ಪೂಜೆ ಮಾಡಿಸುವ ವಿಮಾರ್ಕ್ ಗುರುಗಳು, ಆ ಆವರಣದಲ್ಲಿದ್ದ ಒಬ್ಬನೇ ಗಂಡಸು, ಯಾತ್ರಿಕರಿರಬೇಕೆಂದು ಅಗುಳಿ ತೆಗೆದರು. ಹೊರಗೆ ನಿಂತಿದ್ದವನು ಮುಳ್ಳುಗದೆಯನ್ನು ಎತ್ತಿ ಅವರ ಮುಖಕ್ಕೇ ಇಳಿಸಿದ. ಗುರುಗಳು ಮೊಣಕಾಲೂರಿದರು. ಎರಡನೆಯ ಏಟಿಗೆ ಮುಖವೆಂಬುದು ಉಳಿಯಲಿಲ್ಲ.

ಬಂದವರು ಇಪ್ಪತ್ತೆರಡು ಜನ. ಯುದ್ಧ ಮುಗಿದ ಮೇಲೆ ಯಾವ ದೊರೆಗೂ ಬೇಡವಾದ ಸೈನಿಕರು, ಎರಡು ವಾರದಿಂದ ಹೊಟ್ಟೆಗಿಲ್ಲದವರು. ಅವರ ನಾಯಕ ಡೂಗಲ್, ಗದೆ ಹಿಡಿದಿದ್ದವನು. ಮಠದ ಸೋದರಿಯರನ್ನು ಊಟದ ಚಾವಡಿಗೆ ಅಟ್ಟಿದರು. ಎಪ್ಪತ್ತು ದಾಟಿದ ಏವಿಸ್ ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ನಿಲ್ಲು ಎಂದದ್ದು ತಿಳಿಯದೆ ಕೊಡ ಹಿಡಿದು ಬಾವಿಯ ಕಡೆಗೆ ನಡೆದಿದ್ದಳು. ಒಬ್ಬ ಹಿಂದಿನಿಂದ ಭರ್ಜಿ ಹಾಕಿದ. ಅವಳು ಕೊಡವನ್ನು ಮೆಲ್ಲಗೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಬಿದ್ದಳು.

ದೊಡ್ಡಮ್ಮನನ್ನೂ ಗುನ್ನೋರಾಳನ್ನೂ ಗೋಪುರದ ಬುಡದ ಕೋಣೆಗೆ ಎಳೆದು ತಂದರು. ಮಠದಲ್ಲಿ ಸಿಕ್ಕಿದ್ದು ಮೂರು ಮೂಟೆ ಓಟ್ಸ್ ಕಾಳು, ಒಂದು ಪೀಪಾಯಿ ಮೀನು. ಡೂಗಲ್‌ನ ಕಣ್ಣು ಕೆಳಗಿನ ಊರಿನ ಮೇಲಿತ್ತು. ಆದರೆ ಊರಿನವರು ಕೊತ್ತಲ ಸೇರಿಬಿಟ್ಟರೆ ಅದನ್ನು ಒಡೆಯಲು ಇವನ ಜನ ಸಾಲರು. ಅವನ ಗುಂಪಿನಲ್ಲಿ ಒಬ್ಬ ಬೇರೆ ಯಾವುದೋ ಮಠದಲ್ಲಿ ಓದಿ, ದೀಕ್ಷೆಗೆ ಮೊದಲೇ ಓಡಿ ಬಂದವನಿದ್ದ. ಉಳಿದವರು ಅವನನ್ನು ಸನ್ಯಾಸಿ ಎಂದು ಕರೆದು ನಗುತ್ತಿದ್ದರು. ಸಣಕಲ, ಗಡ್ಡ ಸರಿಯಾಗಿ ಬಂದಿಲ್ಲ.

"ಏಯ್ ಸನ್ಯಾಸಿ, ಇವ್ರ ಗಂಟೆ ಭಾಷೆ ನಿಂಗೆ ಗೊತ್ತಲ್ಲ. ಊರವ್ರನ್ನ ಮೇಲಕ್ಕೆ ಕರೆಸೋದು ಹ್ಯಾಗೆ?" ಎಂದ ಡೂಗಲ್.

ಸನ್ಯಾಸಿ ನೆಲ ನೋಡಿಕೊಂಡು ಹೇಳಿದ. "ಗುರು ಸತ್ತ ಗಂಟೆ ಹೊಡೆದ್ರೆ ತಾವೇ ಬರ್ತಾರೆ. ಬರಿಗಾಲಲ್ಲಿ, ಮೇಣದ ಬತ್ತಿ ಹಿಡ್ಕೊಂಡು. ಸೊಂಟದ ಚಾಕೂನೂ ಹೊಳೆ ದಡದ ಶಿಲುಬೆ ಹತ್ರ ಬಿಟ್ಟು ಬರ್ಬೇಕು, ಹಾಗಿದೆ ಪದ್ಧತಿ."

"ಗುರು ಹ್ಯಾಗೂ ಸತ್ತಿದಾನೆ," ಎಂದ ಡೂಗಲ್. "ಸುಳ್ಳು ಹೊಡೆದ ಪಾಪಾನೂ ನಮಗಿಲ್ಲ."

ಬೇರೆಯವರು ಹಗ್ಗ ಎಳೆಯಕೂಡದು, ಕೈ ಬದಲಾದರೆ ಊರಿಗೆ ತಿಳಿಯುತ್ತದೆ, ಇವಳೇ ಎಳೆಯಲಿ ಎಂದು ಸನ್ಯಾಸಿಯೇ ಹೇಳಿಕೊಟ್ಟ. ಕೊಡಲಿ ಹಿಡಿದ ಇನ್ನೊಬ್ಬನನ್ನು ಹಗ್ಗದ ಪಕ್ಕ ನಿಲ್ಲಿಸಿದರು. ಬಡಿತ ಒಂದಿಷ್ಟು ಚುರುಕಾದರೂ ಹಗ್ಗ ಕಡಿದುಬಿಡಬೇಕು. ಸನ್ಯಾಸಿ ದೊಡ್ಡಮ್ಮನನ್ನು ಮಂಡಿಯೂರಿಸಿ ಕೊರಳಿಗೆ ಚಾಕು ಹಿಡಿಯಬೇಕು, ಏಟು ಎಣಿಸಬೇಕು. ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು; ತಪ್ಪಿದರೆ ನಿನ್ನನ್ನೇ ಈ ಹಗ್ಗಕ್ಕೆ ನೇತುಹಾಕುತ್ತೇನೆ ಎಂದು ಡೂಗಲ್ ಸನ್ಯಾಸಿಯ ಕೆನ್ನೆ ತಟ್ಟಿದ. ಆಮೇಲೆ ಗುನ್ನೋರಾಳ ಕಡೆ ತಿರುಗಿ, ಸತ್ತವನಿಗೆ ವಯಸ್ಸೆಷ್ಟು ಎಂದು ಕೇಳಿದ.

ವಿಮಾರ್ಕ್ ಗುರುಗಳ ವಯಸ್ಸು ಊರಿನ ಕೂಸಿಗೂ ಗೊತ್ತು. ಅವರ ಹುಟ್ಟಿದ ದಿನ ಊರಿನವರು ವರ್ಷಕ್ಕೊಂದರಂತೆ ಮೊಟ್ಟೆ ಎಣಿಸಿ ಬುಟ್ಟಿಯಲ್ಲಿ ತರುತ್ತಿದ್ದರು. ಆ ಬೇಸಿಗೆಯಲ್ಲಿ ಬಂದದ್ದು ಅರವತ್ತೊಂದು.

"ಎಂಬತ್ನಾಲ್ಕು," ಎಂದಳು ಗುನ್ನೋರಾ.

ದೊಡ್ಡಮ್ಮ ಅವಳತ್ತ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು. ಡೂಗಲ್ ಹೊರಗೆ ಬಿದ್ದಿದ್ದ ಹೆಣದ ಬಿಳಿಗೂದಲು ನೋಡಿದ, ಇದ್ದೀತು ಎಂದುಕೊಂಡ, ಹೆಬ್ಬಾಗಿಲಿಗೆ ಹೋದ. ಅಲ್ಲಿ ಎರಡೂ ಕಡೆಯ ಗೋಡೆಯ ಮರೆಗೆ ತನ್ನ ಜನರನ್ನು ನಿಲ್ಲಿಸಿಕೊಂಡ.

ಗುನ್ನೋರಾ ಹಗ್ಗ ಹಿಡಿದಳು. ಒಂಬತ್ತು ಏಟು ಬಡಿದಳು. ಮೇಲೆ ಕಂಚು ನಡುಗುತ್ತಿದ್ದ ಹಾಗೆ ಅವಳಿಗೆ ಊರು ಕಂಡಿತು. ಉಪ್ಪಿನ ಕೈಗಳನ್ನು ಒರೆಸಿಕೊಂಡು ಎಲ್ಲರೂ ಅಂಗಳಕ್ಕೆ ಬಂದಿರುತ್ತಾರೆ. ಅಣ್ಣ ಸುತ್ತಿಗೆ ಇಟ್ಟಿರುತ್ತಾನೆ. ಎಂಬತ್ತನಾಲ್ಕು ಕೇಳಿದರೆ ಯಾರೂ ಸಂಶಯಪಡುವುದಿಲ್ಲ. ಗುರುಗಳೇ ಹೋದರು, ಗುನ್ನೋರಾ ಅಳುತ್ತ ಲೆಕ್ಕ ತಪ್ಪಿದಳು ಎನ್ನುತ್ತಾರೆ, ಬತ್ತಿ ಹಚ್ಚಿಕೊಂಡು ಹೆಂಗಸರು ಮಕ್ಕಳ ಸಮೇತ ಈ ಹೆಬ್ಬಾಗಿಲಿಗೆ ಬರುತ್ತಾರೆ. ಇಪ್ಪತ್ತೆರಡು ವರ್ಷ ತಾನು ಮಾಡಿದ ತಪ್ಪು ಇವತ್ತು ಊರನ್ನು ಕೊಲ್ಲುತ್ತದೆ. ನೂರು ದಾಟಿಸಬೇಕು. ನೂರು ವರ್ಷ ಬದುಕಿದವನನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಗುನ್ನೋರಾ ಕೂಡ ಅಷ್ಟು ತಪ್ಪುವುದಿಲ್ಲವೆಂದು ಊರಿಗೆ ಅನ್ನಿಸಬೇಕು.

ಅವಳು ಗಟ್ಟಿಯಾಗಿ ಎಣಿಸತೊಡಗಿದಳು. ಒಂದೊಂದು ಏಟಿಗೂ ಒಂದು ಸಂಖ್ಯೆ, ಸಂತೆಯಲ್ಲಿ ಎಣಿಸಿದಂತೆ. ಸನ್ಯಾಸಿಯ ತುಟಿಯೂ ಅವಳ ಜೊತೆಗೇ ಅಲ್ಲಾಡುತ್ತಿತ್ತು.

"ಮೂವತ್ತೆಂಟು. ಮೂವತ್ತೊಂಬತ್ತು. ಮೂವತ್ತು. ಮೂವತ್ತೊಂದು."

ಸನ್ಯಾಸಿಯ ತುಟಿ ನಿಂತಿತು. "ಈಗ ಏನಂದೆ?"

"ಮೂವತ್ತೆರಡು," ಎಂದು ಅವಳು ಎಳೆದಳು.

ಕೊಡಲಿಯವನು ಕಿಸಕ್ಕನೆ ನಕ್ಕು, ಮಠದಲ್ಲಿ ಓದಿದವನು ನೀನು, ನೀನೇ ಎಣಿಸಿಕೊ ಎಂದ. ಅದೇ ಹೊತ್ತಿಗೆ ದೊಡ್ಡಮ್ಮ ಸತ್ತವರ ಕೀರ್ತನೆ ಎತ್ತಿಕೊಂಡಳು. ಅದರಲ್ಲಿ ಮನುಷ್ಯನ ಆಯುಸ್ಸಿನ ಸಂಖ್ಯೆಗಳು ಬರುತ್ತವೆ. ಸಂಖ್ಯೆ ಬಂದಲ್ಲೆಲ್ಲ ಅವಳ ದನಿ ಏರಿತು. ಸನ್ಯಾಸಿ ಒಂದು ಕಿವಿಯಲ್ಲಿ ಕೀರ್ತನೆ, ಒಂದು ಕಿವಿಯಲ್ಲಿ ಗುನ್ನೋರಾ, ನಡುವೆ ತನ್ನದೇ ಲೆಕ್ಕ ಹಿಡಿಯಲು ಹೋಗಿ ಮೂರನ್ನೂ ಕಳೆದುಕೊಂಡ. ಅವಳ ಬಾಯಿಯನ್ನೇ ನಂಬಿಕೊಂಡು ನಡೆದ. ಹತ್ತು ಏಟು ಹಾಗೆ ಸಿಕ್ಕಿತು.

ಅರವತ್ತೊಂಬತ್ತಾದ ಮೇಲೆ ಇನ್ನೊಮ್ಮೆ ಅರವತ್ತು ಎಂದಳು. ಈ ಸಲ ಅವನು ಬಿಡಲಿಲ್ಲ. "ಎಪ್ಪತ್ತು ಕಣಮ್ಮ, ಎಪ್ಪತ್ತು," ಎಂದು ದೊಡ್ಡಮ್ಮನ ಕತ್ತಿನ ಚರ್ಮದಲ್ಲಿ ಚಾಕು ಒತ್ತಿದ. ಗುನ್ನೋರಾ ಎಪ್ಪತ್ತು ಎಂದು ಮುಂದೆ ನಡೆದಳು.

ಅವಳ ಬಾಯಲ್ಲಿ ಎಂಬತ್ತನಾಲ್ಕು ಬಂದಾಗ ಗಂಟೆ ತೊಂಬತ್ತನಾಲ್ಕು ಬಡಿದಿತ್ತು. ಅವಳು ಹಗ್ಗ ಬಿಡಲಿಲ್ಲ. ಬಾಯಿ ಮುಚ್ಚಿ ತೊಂಬತ್ತೈದು ಎಳೆದಳು. ತೊಂಬತ್ತಾರು.

"ಸಾಕು, ಮುಗೀತು," ಎಂದ ಸನ್ಯಾಸಿ. ದನಿಯಲ್ಲಿ ಧೈರ್ಯವಿರಲಿಲ್ಲ. ಮುಗಿಯಿತೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಕೊಡಲಿಯವನು ಕೊಡಲಿ ಎತ್ತಿದ, ಕಡಿಯಲೇ ಎಂದು ಕೇಳಿದ, ಸನ್ಯಾಸಿ ತಾಳು ಎಂದ. ಅವಳು ತೊಂಬತ್ತೇಳು ಎಳೆದಳು. ಅಷ್ಟರಲ್ಲಿ ಡೂಗಲ್ ಬಂದ.

ಅವನು ಹಗ್ಗದ ಮೇಲಿದ್ದ ಅವಳ ಬಲಗೈಯನ್ನು ಕಿತ್ತು ಗೋಡೆಗೆ ಒತ್ತಿ, ಗದೆ ಬೀಸಿದ. ಬೆರಳಿನ ಮೂಳೆಗಳ ಜೊತೆಗೆ ಕಲ್ಲಿನ ಚಿಪ್ಪೂ ಎದ್ದು ಹಾರಿತು. ಗುನ್ನೋರಾ ಪ್ರಾಣಿಯ ಹಾಗೆ ಕೂಗಿದಳು. ಕೂಗುತ್ತಲೇ ಎಡಗೈಯಲ್ಲಿ ಎಳೆದಳು. ತೊಂಬತ್ತೆಂಟು. ಅವನು ಎಡಗೈಯನ್ನೂ ಗೋಡೆಗೆ ಒತ್ತಿದ. ಅದೇ ಕುಳಿಯ ಮೇಲೆ ಇನ್ನೊಂದು ಏಟು.

ಅವಳು ಮೊಣಕೈಗಳಿಗೆ ಹಗ್ಗ ಸುತ್ತಿಕೊಂಡು ಮೈಭಾರವನ್ನೆಲ್ಲ ಬಿಟ್ಟು ನೇತಾಡಿದಳು. ಗಂಟೆ ಬಡಿಯಿತು.

"ಇವಳ ಕತ್ತು ಕೊಯ್ಯೋ," ಎಂದ ಡೂಗಲ್, ದೊಡ್ಡಮ್ಮನನ್ನು ತೋರಿಸಿ.

ಸನ್ಯಾಸಿಯ ಕೈ ಅಲ್ಲಾಡಲಿಲ್ಲ. ಚಾಕು ಕತ್ತಿನ ಮೇಲೇ ಇತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತ.

"ಎಣಿಸು ಮಗಳೇ," ಎಂದಳು ದೊಡ್ಡಮ್ಮ. "ನನ್ನ ಕಡೆ ನೋಡ್ಬೇಡ. ಎಣಿಸು."

"ನೂರು," ಎಂದಳು ಗುನ್ನೋರಾ.

ಡೂಗಲ್ ಸನ್ಯಾಸಿಯನ್ನು ತಳ್ಳಿ ಚಾಕು ಕಿತ್ತುಕೊಂಡು ತಾನೇ ಆ ಕೆಲಸ ಮುಗಿಸಿದ. ರಕ್ತ ಹಗ್ಗದ ತುದಿಯವರೆಗೆ ಚಿಮ್ಮಿತು. ಒದ್ದೆಯಾದ ಹಗ್ಗ ಮೊಣಕೈಯಲ್ಲಿ ಜಾರಿದಾಗ ಗುನ್ನೋರಾ ಅದನ್ನು ಹಲ್ಲಿನಲ್ಲಿ ಕಚ್ಚಿದಳು. ನೂರಾ ಒಂದು, ಎರಡು, ಮೂರು. ಬೆನ್ನಿಗೆ, ಪಕ್ಕೆಗೆ, ತೊಡೆಗೆ ಏಟು ಬೀಳುತ್ತಿದ್ದವು. ಒಂದೊಂದು ಏಟಿಗೂ ಅವಳು ಕುಸಿಯುತ್ತಿದ್ದಳು, ಕುಸಿದಾಗಲೆಲ್ಲ ಗಂಟೆ ಬಡಿಯುತ್ತಿತ್ತು. ಇದು ತಿಳಿಯಲು ಡೂಗಲ್‌ಗೆ ಇನ್ನೂ ನಾಲ್ಕು ಏಟು ಬೇಕಾಯಿತು. ಕಡೆಗೆ ಕೊಡಲಿಯವನು ಹಗ್ಗ ಕಡಿದ. ನೂರಾ ಏಳಕ್ಕೆ ಅವಳು ನೆಲಕ್ಕೆ ಬಿದ್ದಳು.

ಆಮೇಲೆ ಮೌನ. ಡೂಗಲ್ ಸನ್ಯಾಸಿಯನ್ನೂ ಎಳೆದುಕೊಂಡು ಹೆಬ್ಬಾಗಿಲಿಗೆ ಓಡಿದ. ಕೊಡಲಿಯವನು ಬಾಗಿಲಲ್ಲಿ ಉಳಿದ. ಗುನ್ನೋರಾ ದೊಡ್ಡಮ್ಮನ ರಕ್ತದಲ್ಲಿ ಕೆನ್ನೆಯಿಟ್ಟು ಮಲಗಿ, ಊರು ಎಚ್ಚೆತ್ತ ಸದ್ದಿಗೆ ಕಾದಳು. ದನಗಳ ಕೂಗು ಕೇಳಬೇಕು, ಕೊತ್ತಲದ ಬಾಗಿಲು ಧಡಾರೆಂದು ಮುಚ್ಚಬೇಕು.

ಕೇಳಿದ್ದು ಹಾಡು. ಹೊಳೆಯ ಕಡೆಯಿಂದ, ತುಂಬ ಕೆಳಗಿನಿಂದ, ಸಾವಿನ ಮೆರವಣಿಗೆಯ ಹಾಡು ಗುಡ್ಡ ಹತ್ತುತ್ತಿತ್ತು. ನೂರಾರು ಕಂಠ. ಬರಿಗಾಲಿನ ಸಪ್ಪಳ.

ಕೊಡಲಿಯವನು ಬಾಗಿಲ ಸಂದಿಯಲ್ಲಿ ಇಣುಕಿ ನಕ್ಕ. "ಬಂದ್ರು ನಿನ್ನ ಕಡೆಯೋರು. ಬತ್ತಿ ಎಷ್ಟು ಚೆನ್ನಾಗಿ ಹಚ್ಚವ್ರೆ ನೋಡು."

ಅವಳ ಎದೆ ಒಡೆಯಿತು. ನಕ್ಕಿದ್ದಾರೆ, ಗುನ್ನೋರಾಳ ಕೈ ಇವತ್ತು ಬಲು ಧಾರಾಳ ಎಂದು ನಕ್ಕು, ಬತ್ತಿ ಹಚ್ಚಿಕೊಂಡು ಬಂದೇಬಿಟ್ಟರು. ದೊಡ್ಡಮ್ಮನ ಪ್ರಾಣ ಇಷ್ಟಕ್ಕೆ ಹೋಯಿತು. ಅವಳು ಕೂಗಲು ಬಾಯಿ ತೆರೆದಳು. ಕೊಡಲಿಯವನು ಅವಳ ಬಾಯ ಮೇಲೆ ಬೂಟುಗಾಲಿಟ್ಟ. ದೇವಮಾತೆಯೇ, ಅವರ ಕಣ್ಣಿಗೆ ನನ್ನ ತಪ್ಪು ಕಾಣಿಸು, ಎಂದು ಒಳಗೇ ಬೇಡಿದಳು. ಹಾಡು ಹೆಬ್ಬಾಗಿಲವರೆಗೆ ಬಂತು. ಒಳಗೆ ಬಂತು. ನಿಂತಿತು.

ಆಮೇಲೆ ಕೇಳಿದ ಮೊದಲ ಸದ್ದನ್ನು ಅವಳು ಕಮ್ಮಾರನ ತಂಗಿಯಾಗಿ ಗುರುತಿಸಿದಳು. ಮಾಂಸ ಕಡಿಯುವ ಕತ್ತಿ ಮೂಳೆಗೆ ಸಿಕ್ಕಿ ನಿಲ್ಲುವ ಸದ್ದು ಅದು. ವಾರವಿಡೀ ಊರಿನ ತುಂಬ ಅದೇ ಸದ್ದು ಇತ್ತು.

ಊರಿನಲ್ಲಿ ನಡೆದದ್ದನ್ನು ಆಡ್ಕಿನ್ ಆಮೇಲೆ ಹೇಳಿದ. ಎಪ್ಪತ್ತಕ್ಕೆ ಒಬ್ಬರಿಗೊಬ್ಬರು ಮುಖ ನೋಡಿಕೊಂಡು ನಕ್ಕರಂತೆ. ತೊಂಬತ್ತಕ್ಕೆ ನಗು ನಿಂತಿತಂತೆ. ಆಮೇಲೆ ಏಟುಗಳು ಕುಂಟತೊಡಗಿದಾಗ ಗಿರಣಿಯವನೇ ಮೊದಲು ಬಾಯಿಬಿಟ್ಟು, ನಮ್ಮ ಗುನ್ನೋರಾ ಏಳು ತಪ್ಪುತ್ತಾಳೆ, ನಲವತ್ತು ತಪ್ಪುವುದಿಲ್ಲ ಎಂದನಂತೆ. ಯಾರೋ ಗಂಟೆಯ ಪದ್ಧತಿ ಬಲ್ಲವರು ತಮ್ಮನ್ನು ಕರೆಯುತ್ತಿದ್ದಾರೆ, ಕರೆದ ಹಾಗೇ ಹೋಗಬೇಕು ಎಂದು ಆಡ್ಕಿನ್ ಹೇಳಿದ. ಮಕ್ಕಳು ಮುದುಕರು ಕೊತ್ತಲಕ್ಕೆ ಹೋದರು. ಉಳಿದವರು ಬರಿಗಾಲಾದರು, ಎಡಗೈಯಲ್ಲಿ ಬತ್ತಿ ಹಿಡಿದರು, ಬಲಗೈಯನ್ನು ಹೊದ್ದ ಕಂಬಳಿಯೊಳಗೆ ಇಟ್ಟುಕೊಂಡರು. ವಾರವೆಲ್ಲ ಮಸೆದ ಕತ್ತಿಗಳು. ಹೊಳೆ ದಡದ ಶಿಲುಬೆಯ ಬಳಿ ಯಾರೂ ಏನನ್ನೂ ಬಿಡಲಿಲ್ಲ.

ಡೂಗಲ್ ಕುರಿಮಂದೆ ಬರುತ್ತದೆಂದು ಕಾದಿದ್ದ. ಬತ್ತಿಗಳು ಒಮ್ಮೆಲೇ ನೆಲಕ್ಕೆ ಬಿದ್ದವು. ಅವನ ತೋಳು ಗದೆಯ ಸಮೇತ ಹೆಬ್ಬಾಗಿಲ ಹೊಸ್ತಿಲಲ್ಲಿ ಬಿತ್ತು; ತೋಳಿಲ್ಲದ ಮೈಯನ್ನು ಗಿರಣಿಯವನೂ ಅವನ ನಾದಿನಿಯೂ ಸೇರಿ ಕಡಿದರು. ಉಳಿದವರು ಅಂಗಳದ ಸುತ್ತಿನ ಕಂಬಸಾಲಿನಲ್ಲಿ ಓಡಿದರು, ನಾಲ್ಕೂ ಕಡೆಯಿಂದ ಜನ ತುಂಬಿಕೊಂಡಿತು. ಯಾರೂ ಕೂಗುತ್ತಿರಲಿಲ್ಲ. ದನ ಕಡಿಯುವಾಗ ಹೇಗೋ ಹಾಗೆ, ಹಿಡಿದುಕೊಳ್ಳುವವರು ಹಿಡಿದುಕೊಂಡರು, ಕಡಿಯುವವರು ಕಡಿದರು. ಕೊಡಲಿಯವನು ಬಾಗಿಲು ಬಿಟ್ಟು ಓಡಿ ಬಾವಿಕಟ್ಟೆಯ ಬಳಿ ಸಿಕ್ಕಿಬಿದ್ದ. ಹಾಸುಗಲ್ಲಿನ ಸಂದಿಯಲ್ಲಿ ಹರಿದ ರಕ್ತ ಏವಿಸ್ ಅಕ್ಕ ಇಟ್ಟಿದ್ದ ಕೊಡದ ಸುತ್ತ ನಿಂತಿತು.

ಸನ್ಯಾಸಿ ಮಾತ್ರ ಗೋಪುರಕ್ಕೆ ತಿರುಗಿ ಬಂದ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದ. ಬೆರಳ ಸಂದಿಯಿಂದ ಹೊಟ್ಟೆಯೊಳಗಿನದು ಹೊರಗೆ ಬರುತ್ತಿತ್ತು. ತುಂಡು ಹಗ್ಗದ ಕೆಳಗೆ ಗುನ್ನೋರಾಳ ಎದುರಿಗೆ ಕೂತುಬಿಟ್ಟ. ಅವನ ಹಿಂದೆಯೇ ಆಡ್ಕಿನ್ ಬಂದ, ಮೊಣಕೈವರೆಗೆ ಕೆಂಪು, ಇನ್ನೊಂದು ಏಟಿಗೆ ಕತ್ತಿ ಎತ್ತಿಕೊಂಡು.

"ತಾಳಣ್ಣ," ಎಂದಳು ಗುನ್ನೋರಾ. ಮೊಣಕೈ ಊರಿ ಅವನ ಹತ್ತಿರಕ್ಕೆ ತೆವಳಿದಳು. "ನಿನ್ನ ಹೆಸ್ರೇನು?"

ಅವನಿಗೆ ಪ್ರಶ್ನೆ ತಿಳಿಯಲು ಹೊತ್ತು ಹಿಡಿಯಿತು. ಲ್ಯಾಂಬರ್ಟ್ ಎಂದ. ಬಹಳ ದಿನದಿಂದ ಯಾರೂ ಕೇಳದ ಹೆಸರು ಅದು.

"ವಯಸ್ಸೆಷ್ಟು?"

"ಇಪ್ಪತ್ತಾರೋ," ಎಂದ. ಉಸಿರು ಸಿಕ್ಕಿಸಿಕೊಂಡು, "ಇಪ್ಪತ್ತೇಳೋ. ಅಮ್ಮನ್ನ ಕೇಳ್ಬೇಕು," ಎಂದ. ಕೇಳುವುದಕ್ಕೇ ಹೊರಟವನಂತೆ ತುಸು ಎದ್ದು, ದೊಡ್ಡಮ್ಮನ ಕಾಲ ಬುಡದಲ್ಲಿ ಬಿದ್ದ.

ಮಧ್ಯಾಹ್ನದ ಹೊತ್ತಿಗೆ ಗುನ್ನೋರಾಳ ಕೈಗಳಿಗೆ ಮೊಟ್ಟೆಯ ಬಿಳಿ ಹಚ್ಚಿ, ಮರದ ಪಟ್ಟಿಯಿಟ್ಟು ಬಟ್ಟೆ ಸುತ್ತಿದರು. ಆಡ್ಕಿನ್ ಹಗ್ಗಕ್ಕೆ ಗಂಟು ಹಾಕಿದ. ಅವನು ಎಳೆಯಬೇಕು, ಅವಳು ಪಕ್ಕದಲ್ಲಿ ಕೂತು ಎಣಿಸಬೇಕು. ವಿಮಾರ್ಕ್ ಗುರುಗಳಿಗೆ ಒಂಬತ್ತು, ಅರವತ್ತೊಂದು. ಏವಿಸ್ ಅಕ್ಕನಿಗೆ ಆರು, ಎಪ್ಪತ್ತಮೂರು. ದೊಡ್ಡಮ್ಮನಿಗೆ ಆರು, ಐವತ್ತೆಂಟು. ಮೆರವಣಿಗೆಯಲ್ಲಿ ಸತ್ತ ಊರಿನ ಇಬ್ಬರಿಗೂ ಆಯಿತು. ಅವಳು ಒಂದನ್ನೂ ತಪ್ಪಲಿಲ್ಲ. ಆಡ್ಕಿನ್ ಹಗ್ಗ ಬಿಟ್ಟು ಅಂಗೈ ಉಜ್ಜಿಕೊಂಡ. ಹೊರಗೆ ಊರಿನವರು ಸತ್ತ ಆ ಇಪ್ಪತ್ತೆರಡು ಸೈನಿಕರನ್ನು, ದನದ ಕರುಳು ಹಾಕುವ ಹೊಂಡದ ಕಡೆಗೆ ಕಾಲು ಹಿಡಿದು ಎಳೆಯುತ್ತಿದ್ದರು.

"ಇನ್ನೊಂದು ಉಳೀತು, ಅಣ್ಣ," ಎಂದಳು ಗುನ್ನೋರಾ.

ಅವನಿಗೆ ಅರ್ಥವಾಯಿತು. "ಅವನಿಗಾ? ದೊಡ್ಡಮ್ಮನ ಕೊರಳಿಗೆ ಚಾಕು ಹಿಡಿದೋನಿಗಾ?"

"ಹಿಡ್ದಿದ್ದ. ಕೊಯ್ ಅಂದಾಗ ಕೊಯ್ಲಿಲ್ಲ."

"ಅಷ್ಟಕ್ಕೇ?"

"ಅಷ್ಟಕ್ಕೇ."

ಲ್ಯಾಂಬರ್ಟ್‌ನ ಹೊಟ್ಟೆ ಸೀಳಿದ್ದು ಆಡ್ಕಿನ್‌ನೇ. ಅವನು ತಂಗಿಯ ಸುತ್ತಿದ ಕೈಗಳನ್ನು ನೋಡಿದ, ಗೋಡೆಯ ಕುಳಿಯನ್ನು ನೋಡಿದ. ಆಮೇಲೆ ಹಗ್ಗ ಹಿಡಿದ.

ಒಂಬತ್ತು ಬಡಿಯಿತು. ಹೊರಗೆ ಹೆಣ ಎಳೆಯುತ್ತಿದ್ದವರು ತಲೆಯೆತ್ತಿದರು. ವರ್ಷಗಳು ಶುರುವಾದವು. ಗುನ್ನೋರಾ ಮೆಲ್ಲಗೆ ಎಣಿಸುತ್ತಿದ್ದಳು.

"ಇಪ್ಪತ್ತೈದು. ಇಪ್ಪತ್ತಾರು."

ಆಡ್ಕಿನ್ ಹಗ್ಗ ತಡೆದು ಅವಳತ್ತ ತಿರುಗಿದ.

"ಇಪ್ಪತ್ತಾರು," ಎಂದಳು ಅವಳು, ಮತ್ತೊಮ್ಮೆ, ಅವನ ಮುಖ ನೋಡದೆ.

ಅವನು ಇನ್ನೊಂದು ಏಟು ಎಳೆದ.